ಜರ್ಮನಿಗೆ ಹೊರಟವರು ಪಿಂಚಣಿಯ ಕಾಗದವನ್ನು ಮೊದಲು ಓದಲಿ

ನಮ್ಮ ದಾವಣಗೆರೆಯಲ್ಲಿ ಓದಿ, ಪಿಎಚ್.ಡಿ. ಮುಗಿಸಿ, ಪೋಸ್ಟ್‌ಡಾಕ್‌ಗೆಂದು, ಅಂದರೆ ಪಿಎಚ್.ಡಿ. ನಂತರದ ಸಂಶೋಧನಾ ಕೆಲಸಕ್ಕೆಂದು, ಜರ್ಮನಿಗೆ ಹೋಗುವ ಹುಡುಗ ಹುಡುಗಿಯರು ವೀಸಾ, ಟಿಕೆಟ್, ಬಾಡಿಗೆ ಮನೆಗಳ ಬಗ್ಗೆ ಹತ್ತು ಜನರನ್ನು ವಿಚಾರಿಸುತ್ತಾರೆ. ಸಂಬಳದಲ್ಲಿ ಏನೇನು ಕಡಿತವಾಗುತ್ತದೆ, ಆ ಹಣದ ಮೇಲೆ ತಮಗೇನು ಹಕ್ಕಿದೆ ಎಂದು ಕೇಳುವವರು ಅಪರೂಪ. ಈ ಉದಾಸೀನದಿಂದ ಅವರಿಗಾಗುವ ನಷ್ಟ ಸಣ್ಣದಲ್ಲವೆಂದೇ ಇದನ್ನು ಬರೆಯುತ್ತಿದ್ದೇನೆ.

ಬರುವ ಹಣ ಸಂಬಳವೋ ಫೆಲೋಶಿಪ್ಪೋ ಎಂಬುದು ಮೊದಲ ಪ್ರಶ್ನೆ. ಹುಂಬೋಲ್ಟ್ ಫೆಲೋಶಿಪ್‌ನಂಥದ್ದಾದರೆ ತೆರಿಗೆಯೂ ಇಲ್ಲ, ಪಿಂಚಣಿ ವಂತಿಗೆಯೂ ಇಲ್ಲ. ವಿಶ್ವವಿದ್ಯಾಲಯದ ನೌಕರಿಯಾದರೆ ಪೇ ಸ್ಲಿಪ್ಪಿನಲ್ಲಿ ತೆರಿಗೆಯ ಕೆಳಗೆ ಕೆವಿ, ಆರ್‌ವಿ, ಎವಿ, ಪಿವಿ ಎಂಬ ನಾಲ್ಕು ಸಾಲುಗಳಿರುತ್ತವೆ: ಆರೋಗ್ಯ, ಪಿಂಚಣಿ, ನಿರುದ್ಯೋಗ, ಮತ್ತು ಮುಪ್ಪಿನಲ್ಲೋ ಕಾಯಿಲೆಯಲ್ಲೋ ಬೇಕಾಗುವ ಆರೈಕೆಯ ವಿಮೆಗಳು. ಇವುಗಳಲ್ಲಿ ಪಿಂಚಣಿಯದೇ ದೊಡ್ಡ ಮೊತ್ತ. ಒಟ್ಟು ವಂತಿಗೆ ಶೇ. 18.6, ಅದರಲ್ಲಿ ಶೇ. 9.3 ನಮ್ಮದು, ಉಳಿದರ್ಧ ಸಂಸ್ಥೆಯದು. ಸಂಬಳ ತಿಂಗಳಿಗೆ 4,500 ಯೂರೋ ಎಂದಿಟ್ಟುಕೊಂಡರೆ ನಮ್ಮ ಪಾಲು 418.50 ಯೂರೋ, ಮೂರು ವರ್ಷಕ್ಕೆ 15,066 ಯೂರೋ, ಸಂಸ್ಥೆಯ ಪಾಲೂ ಅಷ್ಟೇ.

ಊರಿಗೆ ಮರಳಿದ ಮೇಲೆ ಇದನ್ನು ಏನು ಮಾಡಬೇಕು? ಐದು ವರ್ಷಕ್ಕಿಂತ ಕಡಿಮೆ ವಂತಿಗೆ ಕಟ್ಟಿ ಭಾರತದಲ್ಲಿ ನೆಲೆಸಿರುವವರು, ಕೆಲಸ ಬಿಟ್ಟು 24 ತಿಂಗಳು ಕಳೆದ ನಂತರ ಹಣ ವಾಪಸು ಕೇಳಬಹುದು. ಆದರೆ ಬರುವುದು ನಮ್ಮ ಪಾಲು ಮಾತ್ರ, ಅದೂ ಬಡ್ಡಿಯಿಲ್ಲದೆ; ಅದನ್ನು ಪಡೆದ ದಿನವೇ ಆ ವರ್ಷಗಳ ಎಲ್ಲ ಹಕ್ಕೂ ರದ್ದಾಗುತ್ತದೆ. ಭಾರತ ಮತ್ತು ಜರ್ಮನಿಯ ಸಾಮಾಜಿಕ ಭದ್ರತಾ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿದ್ದು, ಪಿಂಚಣಿಗೆ ಬೇಕಾದ ಐದು ವರ್ಷವನ್ನು ಲೆಕ್ಕ ಹಾಕುವಾಗ ಇಲ್ಲಿ ಪಿ.ಎಫ್. ಪಿಂಚಣಿ ಯೋಜನೆಯಡಿ ದುಡಿದ ಅವಧಿಯನ್ನೂ ಸೇರಿಸಿಕೊಳ್ಳಲು ಅವಕಾಶವಿದೆ. ಹೀಗಿರುವಾಗ ಮನೆ ಕಟ್ಟಲೆಂದೋ ಸೈಟಿಗೆಂದೋ ಅವಸರದಲ್ಲಿ ಅರ್ಜಿ ಹಾಕುವುದು, ನನ್ನ ಮಟ್ಟಿಗೆ, ಸಂಸ್ಥೆ ಕಟ್ಟಿದ ಅರ್ಧವನ್ನು ಕೈಯಾರೆ ಬಿಟ್ಟುಕೊಟ್ಟಂತೆ.

ಇನ್ನೊಂದು ಆಯ್ಕೆಗೆ ಗಡುವು ತೀರಾ ಹತ್ತಿರದ್ದು. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳ ನೌಕರರಿಗೆ ಬಹುತೇಕ ವಿಬಿಎಲ್ ಎಂಬ ಹೆಚ್ಚುವರಿ ಪಿಂಚಣಿಯೂ ಇರುತ್ತದೆ. ಅದರ ‘ಕ್ಲಾಸಿಕ್’ ಯೋಜನೆಯಲ್ಲಿ ಪಿಂಚಣಿಗೆ ಅರ್ಹರಾಗಲು 60 ತಿಂಗಳು ಬೇಕು. ಎರಡು ಮೂರು ವರ್ಷದ ಕರಾರಿನ ಮೇಲೆ ಮೊದಲ ಬಾರಿ ಸೇರಿದ ಸಂಶೋಧಕರು, ಕೆಲಸಕ್ಕೆ ಸೇರಿದ ಎರಡು ತಿಂಗಳೊಳಗೆ ಲಿಖಿತವಾಗಿ ಕೇಳಿಕೊಂಡರೆ, ಇಂಥ ಕಾಯುವ ಅವಧಿಯಿಲ್ಲದ ‘ಎಕ್ಸ್‌ಟ್ರಾ’ ಯೋಜನೆಗೆ ಹೋಗಬಹುದು. ಮನೆ ಹುಡುಕಾಟ, ಬ್ಯಾಂಕ್ ಖಾತೆ, ನಗರಾಡಳಿತದ ನೋಂದಣಿ ಎಂದು ಓಡಾಡುವ ಹೊತ್ತಿನಲ್ಲೇ ಆ ಎರಡು ತಿಂಗಳು ಮುಗಿದುಹೋಗುತ್ತವೆ. ನಿಯಮ ನ್ಯಾಯವಾದದ್ದೇ ಇರಬಹುದು, ಆದರೆ ಹೊಸಬರಿಗೆ ಜರ್ಮನ್ ಭಾಷೆಯ ಒಂದು ಹಾಳೆ ಕೊಟ್ಟು ಕೈತೊಳೆದುಕೊಳ್ಳುವುದು ಸರಿಯಲ್ಲ.

ಅಮೆರಿಕದ ಮಾತೇ ಬೇರೆ. ಜರ್ಮನಿಯ ಜೊತೆಗಿರುವಂಥ ಸಾಮಾಜಿಕ ಭದ್ರತಾ ಒಪ್ಪಂದ ನಮಗೂ ಅವರಿಗೂ ಇಲ್ಲ. ಜೆ-1 ಎಂಬ ವಿನಿಮಯ ಸಂದರ್ಶಕರ ವೀಸಾದಲ್ಲಿ ಮೊದಲ ಬಾರಿ ಹೋದ ಸಂಶೋಧಕರಿಗೆ ಸಾಮಾನ್ಯವಾಗಿ ಮೊದಲ ಎರಡು ಕ್ಯಾಲೆಂಡರ್ ವರ್ಷ ಸೋಷಿಯಲ್ ಸೆಕ್ಯುರಿಟಿಯ (ಅಲ್ಲಿನ ಸರ್ಕಾರಿ ಪಿಂಚಣಿ) ಶೇ. 6.2 ಮತ್ತು ಮೆಡಿಕೇರ್‌ನ (ಮುಖ್ಯವಾಗಿ ಹಿರಿಯರ ಆರೋಗ್ಯ ವಿಮೆ) ಶೇ. 1.45 ಕಡಿತ ಮಾಡುವಂತಿಲ್ಲ. ಕಡಿತವಾಗಿದ್ದರೆ ಸಂಸ್ಥೆಯನ್ನು ಕೇಳಿ ವಾಪಸು ಪಡೆಯಬೇಕು.

ನಮ್ಮ ವಿಶ್ವವಿದ್ಯಾಲಯದಲ್ಲಾಗಲಿ, ಎಂಜಿನಿಯರಿಂಗ್ ಕಾಲೇಜುಗಳಲ್ಲಾಗಲಿ, ಶಿಫಾರಸು ಪತ್ರಕ್ಕೆ ಸಹಿ ಹಾಕುವ ಮಾರ್ಗದರ್ಶಕರು ಅದೇ ದಿನ ಅರ್ಧ ಗಂಟೆ ಕೂರಿಸಿಕೊಂಡು ಇಷ್ಟನ್ನು ಹೇಳಲಿ. ಹೊರಟವರು ಇಲ್ಲಿನ ಪಿ.ಎಫ್. ದಾಖಲೆಗಳ ಪ್ರತಿಯನ್ನು ಜೊತೆಗಿಟ್ಟುಕೊಳ್ಳಲಿ, ಸೇರಿದ ವಾರವೇ ಸಂಬಳ ವಿಭಾಗಕ್ಕೆ ಹೋಗಿ ವಿಬಿಎಲ್ ಅರ್ಜಿ ಕೇಳಲಿ, ಜರ್ಮನ್ ಪಿಂಚಣಿ ವಿಮೆಯ ಸಂಖ್ಯೆ ಇರುವ ಪತ್ರವನ್ನು ಮಾರ್ಕ್ಸ್ ಕಾರ್ಡಿನ ಜೊತೆಗೇ ಎತ್ತಿಡಲಿ.