ತಟ್ಟೆ ದಾಟಿಸಿದ ಏಳು ವರ್ಷ

ಯೇಸುವಿನ ಮರಣವನ್ನು ನೆನೆದು ಚರ್ಚಿನ ಸಭೆಯಲ್ಲಿ ರೊಟ್ಟಿ ಹಂಚಿಕೊಳ್ಳುವ ಕರ್ತನ ಭೋಜನದಲ್ಲಿ ಏಳು ವರ್ಷ ನಾನು ಪಾಲು ತೆಗೆದುಕೊಳ್ಳಲಿಲ್ಲ. ರೊಟ್ಟಿಯ ತಟ್ಟೆ ಸಾಲಿನ ಆ ತುದಿಯಿಂದ ಕೈಯಿಂದ ಕೈಗೆ ಬರುತ್ತಿದ್ದರೆ ಇತ್ತ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಹೆಬ್ಬೆರಳು ಅಂಚಿಗಷ್ಟೇ ತಾಗುವ ಹಾಗೆ ಹಿಡಿದು ಪಕ್ಕದವರಿಗೆ ದಾಟಿಸಿಬಿಡುತ್ತಿದ್ದೆ. ಆಮೇಲೆ ಕಣ್ಣು ಮುಚ್ಚಿ ತಲೆ ತಗ್ಗಿಸಿ ಕೂತರೆ ಪ್ರಾರ್ಥನೆಯಲ್ಲಿದ್ದಾನೆ ಅಂದುಕೊಳ್ಳುತ್ತಿದ್ದರು. ಯಾರೂ ಕೇಳಲಿಲ್ಲ.

ನಾನು ಮಾಡಿದ್ದು ಇಷ್ಟು. ಆಗ ಕೆಲಸದಲ್ಲಿದ್ದ ಕಡೆ ಲೆಕ್ಕದಲ್ಲಿ ನನ್ನಿಂದ ಒಂದು ದೊಡ್ಡ ಎಡವಟ್ಟಾಯಿತು. ಅನುಮಾನ ಬಂದದ್ದು ನನ್ನ ಕೈಕೆಳಗಿದ್ದ ಹುಡುಗನ ಮೇಲೆ. ಅವನನ್ನು ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದಾಗ ನಾನೂ ಅದೇ ಕೋಣೆಯಲ್ಲಿದ್ದೆ. ಅವನು ಒಂದು ಸಲ ನನ್ನ ಮುಖ ನೋಡಿದ. ನಾನು ಪೆನ್ನಿನ ಮುಚ್ಚಳ ತೆಗೆಯುತ್ತಾ ಹಾಕುತ್ತಾ ಕೂತಿದ್ದೆ. ಬಾಯಿಬಿಟ್ಟು ಒಂದು ಸುಳ್ಳನ್ನೂ ಹೇಳಲಿಲ್ಲ. ಬಾಯನ್ನೇ ಬಿಡಲಿಲ್ಲ. ಅವನ ಕೆಲಸ ಹೋಯಿತು, ಕಳ್ಳ ಅನ್ನುವ ಹೆಸರು ಉಳಿಯಿತು.

ಇದನ್ನು ಬರೆಯಬೇಕೋ ಬೇಡವೋ ಅಂತ ಬಹಳ ದಿನ ಯೋಚಿಸಿದೆ. ಆದರೆ ಸಭೆಯಲ್ಲಿ ನನ್ನ ಹಾಗೆ ತಟ್ಟೆ ದಾಟಿಸುವ ಕೈಗಳು ಈಗ ನನಗೆ ಕಾಣುತ್ತವೆ. ಅವರಿಗಾಗಿ ಬರೆಯುತ್ತಿದ್ದೇನೆ.

ಆ ವರ್ಷಗಳಲ್ಲಿ ನಾನು ದೇವರ ಹತ್ತಿರ ಕ್ಷಮೆ ಕೇಳಲಿಲ್ಲ ಅಂತಲ್ಲ. ದಿನಾ ರಾತ್ರಿ ಕೇಳುತ್ತಿದ್ದೆ. ಅದೇ ಪಾಪ, ಅದೇ ಮಾತು, ಅದೇ ಕಣ್ಣೀರು. ಬೆಳಗ್ಗೆ ಎದ್ದರೆ ಭಾರ ಇದ್ದಲ್ಲೇ ಇರುತ್ತಿತ್ತು. ಸಾಲದ್ದಕ್ಕೆ ಸಭೆಯ ಕೆಲಸವನ್ನೆಲ್ಲ ಮೈಮೇಲೆ ಹಾಕಿಕೊಂಡೆ. ಕುರ್ಚಿ ಜೋಡಿಸುವುದು, ನೆಲ ಗುಡಿಸುವುದು, ಕಾಯಿಲೆಯವರನ್ನು ನೋಡಿಬರುವುದು, ಯಾವುದಕ್ಕೂ ಇಲ್ಲ ಅನ್ನಲಿಲ್ಲ. ಎಂಥ ಸೇವಾಮನೋಭಾವ ಅಂತ ಜನ ಹೊಗಳಿದಾಗೆಲ್ಲ ಹೊಟ್ಟೆಯಲ್ಲಿ ಸಂಕಟ. ಲೂಕ 15ರಲ್ಲಿ ತಪ್ಪಿಹೋದ ಮಗ ದಾರಿಯುದ್ದಕ್ಕೂ ಒಂದು ಮಾತು ಕಟ್ಟಿಕೊಂಡು ಬರುತ್ತಾನಲ್ಲ, ‘ನನ್ನನ್ನು ನಿನ್ನ ಕೂಲಿಯಾಳುಗಳಲ್ಲಿ ಒಬ್ಬನಂತೆ ಇಟ್ಟುಕೋ’ ಅಂತ, ನಾನು ಆ ಮಾತನ್ನೇ ಹಿಡಿದುಕೊಂಡು ಬದುಕುತ್ತಿದ್ದೆ. ಕೂಲಿ ಮಾಡಿ ಸಾಲ ತೀರಿಸುತ್ತೇನೆ ಅನ್ನುವ ಲೆಕ್ಕ. ಆ ಕಥೆಯಲ್ಲಿ ಅಪ್ಪ ಕೂಲಿಯ ಮಾತು ಬರುವುದಕ್ಕೇ ಬಿಡುವುದಿಲ್ಲ, ಅಷ್ಟರಲ್ಲಿ ಅಂಗಿ ತರಿಸುತ್ತಾನೆ. ಎಷ್ಟು ಸಲ ಓದಿದ್ದರೂ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಒಂದು ಸಂಜೆ ತಡೆಯಲಾರದೆ ನಮ್ಮ ಸಭೆಯ ಪಾಲಕರಾದ ಅಯ್ಯನವರ ಮುಂದೆ ಎಲ್ಲ ಹೇಳಿಬಿಟ್ಟೆ. ಅವರು ಉಪದೇಶ ಮಾಡಲಿಲ್ಲ. ಸತ್ಯವೇದ ನನ್ನ ಕಡೆ ತಿರುಗಿಸಿ, 32ನೇ ಕೀರ್ತನೆ ಗಟ್ಟಿಯಾಗಿ ಓದಪ್ಪಾ ಅಂದರು. ಸುಮ್ಮನಿದ್ದಷ್ಟು ಕಾಲ ನನ್ನ ಎಲುಬುಗಳು ಸವೆದುಹೋದವು, ಹಗಲಿರುಳು ನಿನ್ನ ಕೈ ನನ್ನ ಮೇಲೆ ಭಾರವಾಗಿತ್ತು ಅನ್ನುವಲ್ಲಿಗೆ ಬಂದಾಗ ನನ್ನ ದನಿ ನಿಂತುಹೋಯಿತು. ಸ್ವಲ್ಪ ಹೊತ್ತು ಬಿಟ್ಟು ಅವರು ಕೇಳಿದರು: “ದೇವರಿಗೆ ಏಳು ವರ್ಷ ಹೇಳಿದ್ದೀಯ. ಆ ಹುಡುಗನಿಗೆ ಹೇಳಿದ್ದೀಯಾ?”

ಇಲ್ಲ.

“ಹಾಗಾದರೆ ನೀನು ಅಳುತ್ತಿದ್ದದ್ದು ಅವನಿಗಾದ ಅನ್ಯಾಯಕ್ಕೋ, ನಿನ್ನ ಮನಸ್ಸಿನ ನೋವಿಗೋ?”

ಆ ಪ್ರಶ್ನೆ ನನ್ನನ್ನು ಸೀಳಿತು. ಸೀಳಿದ್ದರಿಂದಲೇ ಕೀವು ಹೊರಗೆ ಬಂತು.

ನಾನು ಆಮೇಲೆ ಕಂಡುಕೊಂಡದ್ದನ್ನು ಹೇಳುತ್ತೇನೆ. ಅಪರಾಧಪ್ರಜ್ಞೆ ಬೇರೆ, ನಾಚಿಕೆ ಬೇರೆ. ಒಂದು ‘ನೀನು ಇದನ್ನು ಮಾಡಿದೆ’ ಅನ್ನುತ್ತದೆ. ಇನ್ನೊಂದು ‘ನೀನು ಇಂಥವನೇ’ ಅನ್ನುತ್ತದೆ. ಪವಿತ್ರಾತ್ಮನು ಖಂಡಿಸುವಾಗ ಮಾತು ಖಚಿತವಾಗಿರುತ್ತದೆ: ಇಂಥ ದಿನ, ಇಂಥ ಮನುಷ್ಯನಿಗೆ, ಇಂಥ ಅನ್ಯಾಯ, ಎದ್ದು ಹೋಗಿ ಸರಿಮಾಡು. ಪ್ರಕಟಣೆ 12ರಲ್ಲಿ ಸೈತಾನನಿಗೆ ಹಗಲಿರುಳು ದೂರು ಹೇಳುವವನು ಅಂತ ಹೆಸರಿದೆ. ಅವನ ದೂರಿಗೆ ತಲೆಬುಡ ಇಲ್ಲ. ನೀನು ಕೆಟ್ಟವನು, ನಿನಗೆ ಇಲ್ಲಿ ಜಾಗವಿಲ್ಲ, ಮುಖ ಮುಚ್ಚಿಕೋ ಅಂತ ಒಂದೇ ರಾಗ. ಮೊದಲನೆಯ ಮಾತು ನನ್ನನ್ನು ಆ ಹುಡುಗನ ಕಡೆಗೆ ನೂಕುತ್ತಿತ್ತು. ಎರಡನೆಯದು ಅವನಿಂದ, ದೇವರಿಂದ, ಎಲ್ಲರಿಂದ ದೂರ ಎಳೆಯುತ್ತಿತ್ತು. ಏಳು ವರ್ಷ ನಾನು ಎರಡನೆಯದನ್ನೇ ದೇವರ ದನಿ ಅಂದುಕೊಂಡಿದ್ದೆ.

ಆದಿಕಾಂಡದ 3ನೇ ಅಧ್ಯಾಯ ನೋಡಿ. ಪಾಪ ಮಾಡಿದ ಕೂಡಲೇ ಆದಾಮ ಮತ್ತು ಹವ್ವ ಮಾಡಿದ್ದು ಏನು? ಅಂಜೂರದ ಎಲೆ ಹೊಲಿದುಕೊಂಡು ಮರಗಳ ನಡುವೆ ಅಡಗಿಕೊಂಡರು. ನನ್ನ ಗುಡಿಸುವುದು, ಕುರ್ಚಿ ಜೋಡಿಸುವುದು ಎಲ್ಲ ಆ ಎಲೆಯೇ. ಅದೇ ಅಧ್ಯಾಯದ ಕೊನೆಗೆ ದೇವರು ತಾನೇ ಚರ್ಮದ ಅಂಗಿ ಮಾಡಿ ಅವರಿಗೆ ತೊಡಿಸುತ್ತಾನೆ. ತೋಟದಿಂದ ಹೊರಗೆ ಕಳಿಸುವ ಮುಂಚೆ. ಇನ್ನು ಶಿಲುಬೆ. ರೋಮ್‌ನವರು ಅದನ್ನು ಇಟ್ಟುಕೊಂಡಿದ್ದದ್ದು ಬರೀ ಸಾಯಿಸುವುದಕ್ಕಲ್ಲ, ನಾಲ್ಕು ಜನರೆದುರು ಮಾನ ಕಳೆಯುವುದಕ್ಕೂ. ಸೈನಿಕರು ಯೇಸುವಿನ ಬಟ್ಟೆಗಳನ್ನು ಪಾಲು ಹಂಚಿಕೊಂಡರು, ಅಂಗಿಗೆ ಚೀಟಿ ಹಾಕಿದರು. ಅಡಗಿದವರಿಗೆ ಬಟ್ಟೆ ತೊಡಿಸಿದ ದೇವರ ಮಗ ತಾನು ಬಟ್ಟೆ ಕಳಕೊಂಡು ಎಲ್ಲರ ಕಣ್ಣೆದುರಿಗೆ ತೂಗಿದ. ಯೇಸು ನನ್ನ ದಂಡನೆಯನ್ನು ಹೊತ್ತನೆಂದು ಚಿಕ್ಕಂದಿನಿಂದ ಕೇಳಿದ್ದೆ. ನನ್ನ ನಾಚಿಕೆಯನ್ನೂ ಹೊತ್ತ ಅನ್ನುವುದು ತಲೆಗೆ ಹೊಳೆದದ್ದು ಆಗ. ಅವನು ಅವಮಾನವನ್ನು ಲಕ್ಷ್ಯಕ್ಕೇ ತೆಗೆದುಕೊಳ್ಳಲಿಲ್ಲ ಅನ್ನುತ್ತದೆ ಇಬ್ರಿಯ 12. ನಾನು ಮಾತ್ರ ಅದನ್ನು ಎದೆಗವಚಿಕೊಂಡು ಕೂತಿದ್ದೆ.

‘ದೇವರು ಕ್ಷಮಿಸಿದ್ದಾನೆ, ಆದರೆ ನನ್ನನ್ನು ನಾನು ಕ್ಷಮಿಸಿಕೊಳ್ಳೋಕೆ ಆಗ್ತಿಲ್ಲ’ ಅನ್ನುವ ಮಾತನ್ನು ನಾನೂ ಬಹಳ ಆಡಿದ್ದೇನೆ. ಕೇಳುವುದಕ್ಕೆ ವಿನಯದ ಹಾಗಿದೆ. ನನ್ನ ಅಭಿಪ್ರಾಯದಲ್ಲಿ ಅದು ವಿನಯ ಅಲ್ಲ. ತೀರ್ಪು ಕೊಟ್ಟಾದ ಮೇಲೆ ನಾನು ಅದರ ಮೇಲೊಂದು ಕೋರ್ಟು ತೆರೆದು ಕೂತ ಹಾಗೆ. ಕ್ರಿಸ್ತನಲ್ಲಿರುವವರಿಗೆ ಅಪರಾಧನಿರ್ಣಯ ಇಲ್ಲ ಅಂತ ಪೌಲನು ಬರೆದದ್ದು ನಿಜವಾದರೆ, ನನಗೆ ನಾನೇ ಕೊಟ್ಟುಕೊಳ್ಳುವ ಶಿಕ್ಷೆಗೆ ಬೆಲೆ ಏನು? ಅರಸ ದಾವೀದ ಪ್ರವಾದಿ ನಾತಾನನ ಮುಂದೆ ‘ಯೆಹೋವನಿಗೆ ಪಾಪಮಾಡಿದ್ದೇನೆ’ ಅಂದಾಗ ಹೀಬ್ರೂ ಭಾಷೆಯಲ್ಲಿ ಅದು ಎರಡೇ ಪದ. ಮರುಮಾತಿನಲ್ಲೇ ಕ್ಷಮೆ ಬಂತು. ಆದರೆ ದಾವೀದ ಕೊಲ್ಲಿಸಿದ್ದ ಊರೀಯ ಎದ್ದು ಬರಲಿಲ್ಲ. ದಾವೀದನ ಮನೆಯಿಂದ ಕತ್ತಿಯೂ ಹೋಗಲಿಲ್ಲ. ಕ್ಷಮೆ ಸಿಕ್ಕಿತು ಅಂದರೆ ಮಾಡಿದ್ದರ ಫಲ ಅಳಿಸಿಹೋಯಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನ ವಿಷಯ ನನ್ನನ್ನು ಈಗಲೂ ಬಿಟ್ಟಿಲ್ಲ. ಅವನೂ ಪಶ್ಚಾತ್ತಾಪಪಟ್ಟ, 30 ಬೆಳ್ಳಿ ನಾಣ್ಯ ವಾಪಸ್ ತಂದ, ಪಾಪಮಾಡಿದೆ ಅಂತ ಬಾಯಿಬಿಟ್ಟು ಹೇಳಿದ. ಯಾಜಕರು ಏನಂದರು? ‘ಅದು ನಮಗೇನು? ನೀನೇ ನೋಡಿಕೋ.’ ಅಲ್ಲಿಂದ ಹೋದವನು ಜೀವ ತೆಗೆದುಕೊಂಡ. ಇನ್ನೊಬ್ಬ ಶಿಷ್ಯ ಪೇತ್ರನೂ ಯೇಸುವನ್ನು ಹಿಡಿದ ರಾತ್ರಿ ‘ಅವನನ್ನು ಅರಿಯೆ’ ಅಂತ ಮೂರು ಸಲ ಬೊಂಕಿದ್ದ, ಇದ್ದಲಿನ ಬೆಂಕಿ ಕಾಯಿಸಿಕೊಳ್ಳುತ್ತಾ. ಯೋಹಾನ 21ರಲ್ಲಿ ಸತ್ತು ಎದ್ದು ಬಂದ ಯೇಸು ದಡದಲ್ಲಿ ಮತ್ತೆ ಇದ್ದಲಿನ ಬೆಂಕಿ ಮಾಡಿಟ್ಟು, ಊಟಕ್ಕೆ ಕರೆದು, ನನ್ನನ್ನು ಪ್ರೀತಿಸುತ್ತೀಯಾ ಅಂತ ಮೂರು ಸಲ ಕೇಳುತ್ತಾನೆ. ಆ ಇದ್ದಲಿನ ಬೆಂಕಿಯ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಈ ಎರಡು ಕಡೆ ಬಿಟ್ಟರೆ ಬೇರೆಲ್ಲೂ ಇಲ್ಲ. ಗಾಯ ಆದ ಜಾಗಕ್ಕೇ ಕರಕೊಂಡು ಹೋಗಿ ವಾಸಿ ಮಾಡಿದ. ನಮ್ಮ ಸಭೆಗಳಲ್ಲಿ ಒಬ್ಬ ಬಾಯಿಬಿಟ್ಟಾಗ ಅವನಿಗೆ ಸಿಗುವುದು ಆ ಬೆಂಕಿಯೋ, ‘ನೀನೇ ನೋಡಿಕೋ’ ಅನ್ನುವ ಮಾತೋ? ಗುಟ್ಟಿನಲ್ಲಿ ಹೇಳಿದ್ದು ಮುಂದಿನ ವಾರ ಪ್ರಾರ್ಥನಾ ವಿಷಯವಾಗಿ ಊರೆಲ್ಲ ತಿರುಗಿದರೆ ಯಾರು ಬಾಯಿಬಿಡುತ್ತಾರೆ? ಇದನ್ನು ನಾನು ಕೋಪದಿಂದಲೇ ಕೇಳುತ್ತಿದ್ದೇನೆ. ಸಾಯುವ ಯೋಚನೆ ಬರುವಷ್ಟು ಭಾರ ಹೊತ್ತವರು ಯಾರಾದರೂ ಇದನ್ನು ಓದುತ್ತಿದ್ದರೆ, ಇವತ್ತು ರಾತ್ರಿಯೇ ನಂಬಿಕೆಯ ಒಬ್ಬರಿಗೆ ಹೇಳಿ. ಡಾಕ್ಟರಾದರೂ ಸರಿ. ಒಬ್ಬರೇ ಇರಬೇಡಿ.

ಇನ್ನೊಂದು ಮಾತು. ಬೇರೆಯವರು ನಿಮ್ಮ ಮೈಮೇಲೆ, ನಿಮ್ಮ ಬಾಲ್ಯದ ಮೇಲೆ ಮಾಡಿದ ಪಾಪದ ನಾಚಿಕೆಯನ್ನು ನೀವು ಹೊತ್ತಿದ್ದರೆ, ಅದಕ್ಕೆ ನೀವು ಕ್ಷಮೆ ಕೇಳಬೇಕಾದ್ದೇ ಇಲ್ಲ. ಅದು ನಿಮ್ಮದಲ್ಲ.

ನಾನು ಆ ಹುಡುಗನ ಹತ್ತಿರ ಹೋದೆ. ಅವನು ಬಾಗಿಲಲ್ಲೇ ನಿಂತು ಪೂರ್ತಿ ಕೇಳಿದ. ಕೊನೆಗೆ, “ಇಷ್ಟು ವರ್ಷ ನಿದ್ದೆ ಬಂತಾ ಅಣ್ಣಾ?” ಅಂದ. ಇಲ್ಲ ಅಂದೆ. “ನನಗೂ ಬರಲಿಲ್ಲ” ಅಂದ. ಅನ್ಯಾಯವಾಗಿ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಅಂದ ಸತ್ಯವೇದದ ಜಕ್ಕಾಯನನ್ನು ನೆನೆದು, ಕೆಲಸವಿಲ್ಲದೆ ಕಳೆದ ತಿಂಗಳುಗಳ ಸಂಬಳ ಕೊಡುತ್ತೇನೆ ಅಂದೆ. ಬೇಡ ಅಂದ. “ದುಡ್ಡು ಬೇಡ. ಅವತ್ತು ಆ ರೂಮಲ್ಲಿ ಇದ್ರಲ್ಲ, ಅವರಿಗೆಲ್ಲ ಹೇಳಿ.” ಕ್ಷಮಿಸಿದೆ ಅಂತ ಅವನು ಇನ್ನೂ ಹೇಳಿಲ್ಲ. ಹೇಳು ಅಂತ ಕೇಳುವ ಹಕ್ಕು ನನಗಿಲ್ಲ.

ಮುಂದಿನ ಭಾನುವಾರ ತಟ್ಟೆ ಬಂದಾಗ ಕೈ ನಡುಗುತ್ತಿತ್ತು. ತುಂಡು ತೆಗೆದುಕೊಂಡೆ.

ಆ ಕೋಣೆಯಲ್ಲಿ ಅವತ್ತು ನಾವಿಬ್ಬರನ್ನು ಬಿಟ್ಟು ನಾಲ್ವರಿದ್ದರು. ಮೂವರ ಮುಂದೆ ಹೋಗಿ ಹೇಳಿಬಂದಿದ್ದೇನೆ. ನಾಲ್ಕನೆಯವರ ವಿಳಾಸ ಹುಡುಕುತ್ತಿದ್ದೇನೆ.