15 ಕೌಂಟಿಗೊಂದು ‘ಲೋಕಲ್’ ರೇಡಿಯೋ

ಐರ್ಲೆಂಡಿನ ಹಳ್ಳಿಯಲ್ಲಿ ಲೋಕಲ್ ರೇಡಿಯೋದಲ್ಲಿ ಹೆಸರು ಬರಬೇಕಾದರೆ ಒಂದು ಗ್ಯಾರಂಟಿ ದಾರಿ ಇದೆ. ಸಾಯಬೇಕು.

ಸುಮ್ನೆ ಹೇಳುತ್ತಿಲ್ಲ. ಅಲ್ಲಿನ ಲೋಕಲ್ ಸ್ಟೇಷನ್‌ಗಳು ದಿನವೂ ಸಾವಿನ ಸುದ್ದಿ ಓದುತ್ತವೆ. ಹೋದವರು ಯಾರು, ಯಾವ ಊರು, ಹೆಂಗಸಾದರೆ ತವರುಮನೆಯ ಹೆಸರೇನು, ಅಂತಿಮ ದರ್ಶನ ಎಷ್ಟು ಗಂಟೆಗೆ, ಯಾವ ಚರ್ಚು, ಯಾವ ಸ್ಮಶಾನ. ಆ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಚಮಚ ಸದ್ದು ಮಾಡಿದರೂ ಅಜ್ಜಿ ಕಣ್ಣು ಬಿಡುತ್ತಾಳೆ.

ಇದನ್ನು ನಾನು ಗೇಲಿ ಮಾಡುವುದಿಲ್ಲ. ಮನೆಗಳು ಅಲ್ಲೊಂದು ಇಲ್ಲೊಂದು ಇರುವ ಮಳೆಯೂರುಗಳವು. ಸತ್ತವರ ಮನೆಗೆ ನಾಲ್ಕು ಜನ ಸೇರುವುದಕ್ಕೆ ಈ ರೇಡಿಯೋ ಬೇಕೇ ಬೇಕು. ಅಜ್ಜಿಯ ರೇಡಿಯೋ ಅಜ್ಜಿಗಿರಲಿ. ಪಕ್ಕದಲ್ಲಿ ಕೂತ ಹದಿನೇಳರ ಮೊಮ್ಮಗ ಏನು ಕೇಳಬೇಕು ಅನ್ನುವುದಷ್ಟೇ ನನ್ನ ಪ್ರಶ್ನೆ.

ಹುಡುಗ ಮೇಯೋ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಬೆಲ್‌ಮಲೆಟ್‌ನವನು ಅಂತಿಟ್ಟುಕೊಳ್ಳಿ. ಅಲ್ಲಿಂದಾಚೆ ಅಟ್ಲಾಂಟಿಕ್ ಸಮುದ್ರವೇ. ಸಾವಿನ ಸುದ್ದಿ ಮುಗಿಯಿತು ಅಂದರೆ ದನದ ಸಂತೆಯ ರೇಟು. ಆಮೇಲೆ ಕಳೆದುಹೋದ ನಾಯಿ. ಭಾನುವಾರ ಗೇಲಿಕ್ ಫುಟ್‌ಬಾಲ್ ಕಾಮೆಂಟರಿ ಬರುತ್ತದೆ. ಅದನ್ನು ಹುಡುಗನೂ ಕಿವಿಗೊಟ್ಟು ಕೇಳುತ್ತಾನೆ, ಸುಳ್ಳು ಹೇಳಬಾರದು. ಆದರೆ ವಾರಕ್ಕೆ ಏಳು ದಿನ ಅಲ್ವಾ?

ಸರ್ಕಾರದವರನ್ನು ಕೇಳಿದರೆ ‘ಯುವಕರನ್ನು ನಾವು ಮರೆತಿಲ್ಲ’ ಅನ್ನಬಹುದು. ನಿಜ, ಮರೆತಿಲ್ಲ, ನಿಧಾನವಾಗಿ ನೆನಪಿಸಿಕೊಂಡರು. ಖಾಸಗಿ ರೇಡಿಯೋಗೆ ಲೈಸೆನ್ಸ್ ಕೊಡುವ ಕಾನೂನು ಬಂದದ್ದು 1988ರಲ್ಲಿ. ಲೈಸೆನ್ಸ್ ಪಡೆದ ಖಾಸಗಿ ಲೋಕಲ್ ಸ್ಟೇಷನ್‌ಗಳು ಮಾತಾಡತೊಡಗಿದ್ದು 1989ರಲ್ಲಿ. ಮೇಯೋ ಕಡೆಯ ಹುಡುಗರಿಗೆ ಅಂತಲೇ ಐರೇಡಿಯೋ ಎಂಬ ಸ್ಟೇಷನ್ ಬಂದದ್ದು 2008ರಲ್ಲಿ. 1989ರಲ್ಲಿ 17 ವರ್ಷದವನಾಗಿದ್ದ ಹುಡುಗನಿಗೆ ಅಷ್ಟರಲ್ಲಿ 36. ಅವನಾಗಲೇ ಸಾವಿನ ಸುದ್ದಿಗೆ ವಾಲ್ಯೂಮ್ ಜಾಸ್ತಿ ಮಾಡುವ ಕಡೆಗೆ ಹೊರಟಿದ್ದ.

ಬಂತಲ್ಲ, ಬಿಡಿ. ಶುರುವಿನಲ್ಲಿ ಎರಡು ಲೈಸೆನ್ಸ್, ಆಮೇಲೆ ಎರಡೂ ಸೇರಿ ಒಂದೇ ಸ್ಟೇಷನ್. ವ್ಯಾಪ್ತಿ ಎಷ್ಟು? ಡೊನೆಗಾಲ್‌ನಿಂದ ಕಿಲ್ಡೇರ್‌ವರೆಗೆ 15 ಕೌಂಟಿ. ಇಡೀ ಗಣರಾಜ್ಯದಲ್ಲಿ ಇರುವುದೇ 26. ಅಜ್ಜಿಗೆ ಒಂದೆರಡು ಕೌಂಟಿಗೊಂದು ಸ್ಟೇಷನ್, ಮೊಮ್ಮಗನಿಗೆ ಅರ್ಧ ದೇಶಕ್ಕೊಂದು. ಡಬ್ಲಿನ್ ಪಕ್ಕದ ಹೆದ್ದಾರಿಯಲ್ಲಿ ಟ್ರಾಫಿಕ್ ಜಾಮ್ ಅಂತ ಹೇಳಿದರೆ ಬೆಲ್‌ಮಲೆಟ್ ಹುಡುಗ ಎಚ್ಚರ ವಹಿಸಬೇಕು. ಅವನ ರಸ್ತೆಗೆ ಅಡ್ಡ ನಿಂತಿರುವುದು ಕುರಿ. ಈಗ ಈ ಸ್ಟೇಷನ್‌ನ ಒಡೆಯರು ಜರ್ಮನಿಯ ಹ್ಯಾಂಬರ್ಗ್ ಮೂಲದ ಬಾವರ್ ಕಂಪನಿಯವರು. ಲೋಕಲ್ ಅಂದರೆ ಯಾವ ಲೋಕದ್ದು ಅಂತ ಮಾತ್ರ ಕೇಳಬೇಡಿ.

ಹೋಗಲಿ, ಡಿಜಿಟಲ್? ಆರ್‌ಟಿಇ ಎಂಬ ಸರ್ಕಾರಿ ಪ್ರಸಾರ ಸಂಸ್ಥೆ, ಡಿಎಬಿ ಎನ್ನುವ ಡಿಜಿಟಲ್ ರೇಡಿಯೋ ನಡೆಸುತ್ತಿತ್ತು. ಡಬ್ಲಿನ್, ಕಾರ್ಕ್, ಲಿಮೆರಿಕ್ ಕಡೆ ಕೇಳಿಸುತ್ತಿತ್ತು. ಪಶ್ಚಿಮದ ಹಳ್ಳಿಗಳ ಕಡೆ ಅದು ತಲೆ ಹಾಕಿ ಮಲಗಲೂ ಇಲ್ಲ. ಖರ್ಚು ಜಾಸ್ತಿ ಅಂತ 2021ರ ಮಾರ್ಚ್ 31ಕ್ಕೆ ಬಂದ್ ಮಾಡಿದರು. ಬೆಲ್‌ಮಲೆಟ್‌ನಲ್ಲಿ ಯಾರೂ ದುಃಖಿಸಲಿಲ್ಲ. ಬಾರದೇ ಇದ್ದ ನೆಂಟ ಹೊರಟುಹೋದರೆ ಯಾರು ಅಳುತ್ತಾರೆ?

‘ಆನ್‌ಲೈನಲ್ಲಿ ಕೇಳಪ್ಪಾ’ ಅನ್ನುವುದು ಮುಂದಿನ ಉಪದೇಶ. ಹಳ್ಳಿಗೆ ಬ್ರಾಡ್‌ಬ್ಯಾಂಡ್ ಕೊಡುವ ರಾಷ್ಟ್ರೀಯ ಯೋಜನೆಯನ್ನು 2012ರಲ್ಲಿ ಪ್ರಕಟಿಸಿದರು. ಗುತ್ತಿಗೆಗೆ ಸಹಿ ಬಿದ್ದದ್ದು 2019ರ ನವೆಂಬರ್‌ನಲ್ಲಿ. ಕೇಬಲ್ ಅಗೆತ ಅದಾದ ಮೇಲೆ.

ಹುಡುಗರು ಇಷ್ಟು ದಿನ ಕೈಕಟ್ಟಿ ಕೂತಿದ್ದರು ಅಂದುಕೊಳ್ಳಬೇಡಿ. 1988ಕ್ಕಿಂತ ಮುಂಚೆ ದೇಶದ ತುಂಬ ಪೈರೇಟ್ ರೇಡಿಯೋ ಇದ್ದವು. ಲೈಸೆನ್ಸ್ ಇಲ್ಲ, ಕೇಳುಗರು ಮಾತ್ರ ಬೇಕಾದಷ್ಟು. ಆ ಕಾನೂನು ಬಂದು ವರ್ಷದ ಕೊನೆಗೆ ಹೆಚ್ಚಿನವುಗಳ ಬಾಯಿ ಮುಚ್ಚಿಸಿತು. ಹೊಸ ಸ್ಟೇಷನ್‌ಗಳಿಗೆ ಒಂದು ಷರತ್ತೂ ಹಾಕಿತು: 20% ಹೊತ್ತು ಸುದ್ದಿ ಮತ್ತು ಪ್ರಚಲಿತ ವಿಷಯಕ್ಕೆ ಮೀಸಲು. ಹುಡುಗರಿಗೆ ಹಾಡು ಬೇಕಿತ್ತು, ಸಿಕ್ಕಿದ್ದು ಕೌನ್ಸಿಲರ್‌ಗಳ ಜಗಳ.

ಪಶ್ಚಿಮ ಕರಾವಳಿಯ ಕಾನಮಾರಾ ಸೀಮೆಯ ಕಥೆ ಇನ್ನೂ ಚಂದ. 1970ರಲ್ಲಿ ಐರಿಷ್ ಮಾತಾಡುವ ಅಲ್ಲಿನ ಯುವಕರು ತಮ್ಮ ಭಾಷೆಯಲ್ಲಿ ಕಳ್ಳ ರೇಡಿಯೋ ಶುರು ಮಾಡಿದರು. ಸರ್ಕಾರಕ್ಕೆ ಮುಜುಗರ. 1972ರಲ್ಲಿ ಆರ್‌ಟಿಇಯ ಐರಿಷ್ ಭಾಷೆಯ ಸ್ಟೇಷನ್ ರೇಡಿಯೋ ನಾ ಗೇಲ್ಟಾಕ್ಟ ಹುಟ್ಟಿತು. ಹುಡುಗರ ತಂಟೆಯಿಂದ ಹುಟ್ಟಿದ ಸ್ಟೇಷನ್ 2005ರವರೆಗೂ ಇಂಗ್ಲಿಷ್ ಸಾಹಿತ್ಯದ ಹಾಡು ಹಾಕದೆ ಮಡಿ ಕಾಪಾಡಿಕೊಂಡಿತು. ಭಾಷೆ ಉಳಿಸುವ ಕಷ್ಟ ಕನ್ನಡದವರಾದ ನಮಗೂ ಗೊತ್ತು. ಆದರೆ ಹದಿನೇಳರ ವಯಸ್ಸಿನವರು ಇಷ್ಟದ ಹಾಡಿಗಾಗಿ 33 ವರ್ಷ ಕಾಯುತ್ತಾರೆಯೇ?

ನಮ್ಮ ಬೆಲ್‌ಮಲೆಟ್ ಹುಡುಗನೂ ಕಾಯಲಿಲ್ಲ. ಸಿಡ್ನಿಗೆ ಹೋದ. ಊರಲ್ಲಿ ರಾತ್ರಿಯಾಗುವ ಹೊತ್ತಿಗೆ ಅವನಿಗೆ ಅಲ್ಲಿ ಬೆಳಿಗ್ಗೆ. ಕೆಲಸಕ್ಕೆ ಹೋಗುವ ಬಸ್ಸಲ್ಲಿ ಇಯರ್‌ಫೋನ್ ಹಾಕಿಕೊಂಡು ಊರಿನ ಸ್ಟೇಷನ್ ಕೇಳುತ್ತಾನೆ, ಅಜ್ಜಿಯ ಸ್ಟೇಷನ್ನೇ. ಅಲ್ಲಿ ಇಂಟರ್ನೆಟ್ ಚೆನ್ನಾಗಿದೆ. ಮೊನ್ನೆ ಸಾವಿನ ಸುದ್ದಿಗೆ ಸ್ವಲ್ಪ ಮುಂಚೆ ನಿರೂಪಕ ‘ಸಿಡ್ನಿಯಲ್ಲಿರುವ ನಮ್ಮ ಬೆಲ್‌ಮಲೆಟ್ ಹುಡುಗನಿಗೆ ನಮಸ್ಕಾರ’ ಅಂದ, ಹೆಸರು ಹಿಡಿದು. ಆಮೇಲೆ ಅವನಿಗೆ ಒಂದು ಹಾಡನ್ನೂ ಹಾಕಿದ. ಅಜ್ಜಿ ಕೇಳುವಂಥದ್ದು.