ಬ್ರೌಸರಿನಲ್ಲಿ ಆ್ಯಪ್ ಓಡಲಿ, ಆದರೆ ಯಾರ ಬ್ರೌಸರಿನಲ್ಲಿ?

ನನ್ನ ಅಕ್ಕ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಅವಳ ಫೋನಿನಲ್ಲಿ ಜಾಗ ಯಾವಾಗಲೂ ಭರ್ತಿ. ಕಳೆದ ತಿಂಗಳು ತರಗತಿಗೆ ರೇಖಾಗಣಿತದ ಆಕೃತಿ ಬಿಡಿಸಿ ತೋರಿಸುವ ಜಿಯೋಜೀಬ್ರಾ ಆ್ಯಪ್ ಬೇಕಾದಾಗ, "ಆ್ಯಪ್ ಹಾಕಿಕೊಳ್ಳಬೇಕೆಂದರೆ ಯಾವ ಫೋಟೊ ಅಳಿಸಲಿ ಹೇಳು" ಎಂದು ಕೇಳಿದಳು. ಏನೂ ಅಳಿಸಬೇಡ ಎಂದು ಒಂದು ಕೊಂಡಿ ಕಳುಹಿಸಿದೆ. ಬ್ರೌಸರಿನಲ್ಲಿಯೇ ತೆರೆದುಕೊಂಡಿತು. ತ್ರಿಕೋನದ ಮೂಲೆಯನ್ನು ಬೆರಳಿನಿಂದ ಎಳೆದಂತೆ ಕೋನಗಳು ಬದಲಾಗುತ್ತವೆ, ಮೊತ್ತ ಮಾತ್ರ 180 ಡಿಗ್ರಿಯಲ್ಲಿಯೇ ನಿಲ್ಲುತ್ತದೆ. ಮಕ್ಕಳು ಸರದಿಯಲ್ಲಿ ನಿಂತು ಎಳೆದು ನೋಡಿದರಂತೆ.

ಬ್ರೌಸರ್ ಇರುವುದು ಓದುವುದಕ್ಕೆ, ಅದರೊಳಗೆ ತಂತ್ರಾಂಶ ಓಡಿಸುವುದು ತಪ್ಪು ಎಂದು ವಾದಿಸುವ ಗೆಳೆಯರು ನನಗಿದ್ದಾರೆ. ಒಂದು ಸುದ್ದಿ ಓದಲು ಹೋದರೆ ಪುಟ ಫೋನನ್ನೇ ಬಿಸಿ ಮಾಡುತ್ತದೆ ಎಂಬ ಅವರ ಸಿಟ್ಟು ನ್ಯಾಯವಾದದ್ದೇ. ವೆಬ್ ರೂಪಿಸಿದ ಟಿಮ್ ಬರ್ನರ್ಸ್-ಲೀ 1990ರಲ್ಲಿ ಯುರೋಪಿನ ಭೌತವಿಜ್ಞಾನ ಸಂಶೋಧನಾ ಕೇಂದ್ರ ಸರ್ನ್‌ನಲ್ಲಿ ಮೊದಲ ಬ್ರೌಸರ್ ಬರೆದದ್ದು ದಾಖಲೆಗಳಿಗಾಗಿ ಎನ್ನುವುದೂ ನಿಜ. ಆದರೆ 1995ರಲ್ಲಿ ಬ್ರೆಂಡನ್ ಐಕ್ ಸುಮಾರು ಹತ್ತು ದಿನಗಳಲ್ಲಿ, ಪುಟದೊಳಗೇ ತಂತ್ರಾಂಶ ಓಡಿಸುವ ಭಾಷೆಯಾದ ಜಾವಾಸ್ಕ್ರಿಪ್ಟ್ ರೂಪಿಸಿದಾಗಲೇ ಆ ಗೆರೆ ದಾಟಿಯಾಗಿತ್ತು. 2004ರಲ್ಲಿ ಜಿಮೇಲ್, ಮರುವರ್ಷ ಗೂಗಲ್ ಮ್ಯಾಪ್ಸ್ ಬಂದ ಮೇಲೆ ಹಿಂದಿರುಗುವ ಮಾತೇ ಉಳಿಯಲಿಲ್ಲ.

ನನಗೆ ಇದು ಇಷ್ಟವಾಗುವುದಕ್ಕೆ ಕಾರಣ ಬರೀ ಸೌಲಭ್ಯವಲ್ಲ. ವೆಬ್‌ನಲ್ಲಿ ಒಂದು ಉಪಕರಣ ಮಾಡಿ ಹಂಚಲು ಯಾವ ಅಂಗಡಿಯವನ ಒಪ್ಪಿಗೆಯೂ ಬೇಡ. ಐಫೋನಿಗೆ ವೆಬ್ ಆ್ಯಪ್‌ಗಳೇ ಸಾಕು ಎಂದು 2007ರಲ್ಲಿ ಹೇಳಿದ್ದ ಆ್ಯಪಲ್, 2008ರಲ್ಲಿ ಆ್ಯಪ್ ಸ್ಟೋರ್ ತೆರೆದು ಮಾರಾಟದ ಶೇ 30ರಷ್ಟನ್ನು ತಾನಿಟ್ಟುಕೊಳ್ಳತೊಡಗಿತು. ಬಳಸುವವರಿಗೂ ಒಂದು ರಕ್ಷಣೆಯಿದೆ. ವೆಬ್ ಪುಟ ನಿಮ್ಮ ಕಡತಗಳನ್ನು ತಾನಾಗಿಯೇ ತೆರೆಯಲಾರದು. ಕ್ಯಾಮೆರಾ ಬೇಕಿದ್ದರೆ ಕೇಳಲೇಬೇಕು. ಬಂದವರನ್ನು ಜಗುಲಿಯಲ್ಲಿ ಕೂರಿಸಿ ಮಾತನಾಡಿಸುವ ಮನೆಯ ಹಾಗೆ. ನಮ್ಮ ಬೆಂಗಳೂರಿನ ಮಿಂತ್ರಾ 2015ರಲ್ಲಿ ವೆಬ್‌ಸೈಟನ್ನೇ ಮುಚ್ಚಿ ಆ್ಯಪ್ ಒಂದರಲ್ಲಿಯೇ ವ್ಯಾಪಾರಕ್ಕೆ ನಿಂತಿತು, ಮರುವರ್ಷ ವೆಬ್‌ಗೆ ಮರಳಿತು. ಅದೇ 2015ರಲ್ಲಿ ಫ್ಲಿಪ್‌ಕಾರ್ಟ್ ಬ್ರೌಸರಿನಲ್ಲಿ ಓಡುವ ಫ್ಲಿಪ್‌ಕಾರ್ಟ್ ಲೈಟ್ ತಂದಿತು.

ನನ್ನ ಭಯ ಇರುವುದು ಬೇರೆ ಕಡೆ. ದಕ್ಷಿಣ ಕೊರಿಯಾ 1990ರ ದಶಕದ ಕೊನೆಯಲ್ಲಿ ಆನ್‌ಲೈನ್ ಬ್ಯಾಂಕಿಂಗ್‌ಗೆ ಸೀಡ್ ಎಂಬ ತನ್ನದೇ ಗೂಢಲಿಪಿ ವಿಧಾನ ರೂಪಿಸಿತು. ಆಗಿನ ಬ್ರೌಸರುಗಳಲ್ಲಿ ಅದು ಇರಲಿಲ್ಲವಾದ್ದರಿಂದ ಬ್ರೌಸರಿಗೆ ಹೊರಗಿನ ತಂತ್ರಾಂಶ ಜೋಡಿಸುವ ಮೈಕ್ರೊಸಾಫ್ಟ್‌ನ ಆ್ಯಕ್ಟಿವ್‌ಎಕ್ಸ್ ಮೂಲಕ ಸೇರಿಸಿದರು. ಆ್ಯಕ್ಟಿವ್‌ಎಕ್ಸ್ ಓಡುತ್ತಿದ್ದದ್ದು ಅದೇ ಕಂಪನಿಯ ಬ್ರೌಸರಾದ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನಲ್ಲಿ. ಬ್ಯಾಂಕು, ಸರ್ಕಾರಿ ಸೇವೆ, ಖರೀದಿ ಎಲ್ಲವೂ ಅದಕ್ಕೇ ಅಂಟಿಕೊಂಡು, ಮ್ಯಾಕ್ ಅಥವಾ ಲಿನಕ್ಸ್ ಇಟ್ಟುಕೊಂಡವರು ಹಣ ಕಟ್ಟಲೂ ಬೇರೆ ಕಂಪ್ಯೂಟರ್ ಹುಡುಕಬೇಕಾಯಿತು. ಈ ವ್ಯವಹಾರಗಳಲ್ಲಿ ಗುರುತು ಸಾಬೀತುಪಡಿಸಲು ಬಳಸುತ್ತಿದ್ದ ಆ ಕಾಲದ ಡಿಜಿಟಲ್ ಪ್ರಮಾಣಪತ್ರಕ್ಕಿದ್ದ ವಿಶೇಷ ಕಾನೂನು ಸ್ಥಾನ ಹೋದದ್ದು 2020ರ ಡಿಸೆಂಬರಿನಲ್ಲಿ. ಬ್ರೌಸರನ್ನು ವೇದಿಕೆ ಮಾಡಿದ್ದು ಅಲ್ಲಿ ತಪ್ಪಾಗಿರಲಿಲ್ಲ. ಒಂದೇ ಕಂಪನಿಯ ಬ್ರೌಸರನ್ನು ವೇದಿಕೆ ಮಾಡಿದ್ದು ತಪ್ಪಾಯಿತು. ಗಟ್ಟಿ ಎದುರಾಳಿಯಿಲ್ಲದ ಮೈಕ್ರೊಸಾಫ್ಟ್ 2001ರಲ್ಲಿ ಬಂದ ಎಕ್ಸ್‌ಪ್ಲೋರರಿನ ಆರನೇ ಆವೃತ್ತಿಯ ನಂತರ ಏಳನೆಯದನ್ನು ತರಲು 2006ರವರೆಗೆ ಕಾಯಿಸಿತು.

ಇಂದು ಕ್ರೋಮ್, ಎಡ್ಜ್, ಒಪೆರಾ, ಬ್ರೇವ್ ಎಂದು ಹೆಸರುಗಳು ಹಲವಾದರೂ ಪುಟವನ್ನು ಓದಿ ತೋರಿಸುವ ಒಳಗಿನ ಎಂಜಿನ್ ಗೂಗಲ್ ಮುನ್ನಡೆಸುವ ಕ್ರೋಮಿಯಂನದ್ದೇ. ಬೇರೆ ದಾರಿಯಲ್ಲಿ ನಡೆಯುತ್ತಿರುವ ದೊಡ್ಡವರೆಂದರೆ ಫೈರ್‌ಫಾಕ್ಸ್ ಮತ್ತು ಸಫಾರಿ. ಹೋದ ವಾರ ಒಂದು ಅರ್ಜಿಯ ಪುಟ ನನ್ನ ಫೈರ್‌ಫಾಕ್ಸ್‌ನಲ್ಲಿ ತೆರೆಯಲೇ ಇಲ್ಲ. "ಕ್ರೋಮ್ ಬಳಸಿ" ಎಂದಷ್ಟೇ ಬರೆದಿತ್ತು. ಹೆಸರು, ವಿಳಾಸ, ಒಂದು ಫೋಟೊ ಕೇಳುವ ಸಾಮಾನ್ಯ ಅರ್ಜಿ ಅದು. ಅದರಲ್ಲಿ ಕ್ರೋಮ್‌ನಿಂದ ಮಾತ್ರ ಆಗುವಂಥ ಕೆಲಸ ಏನಿತ್ತು? ಮಾಡಿದವರು ಬೇರೆ ಬ್ರೌಸರಿನಲ್ಲಿ ಒಮ್ಮೆಯೂ ತೆರೆದು ನೋಡಿರಲಿಕ್ಕಿಲ್ಲ.

ಇದನ್ನು ಓದುವವರಲ್ಲಿ ತಂತ್ರಾಂಶ ಬರೆಯುವವರು ಬಹಳ ಮಂದಿ ಇದ್ದೀರಿ. ಇವತ್ತು ನೀವು ಮಾಡುತ್ತಿರುವ ಪುಟವನ್ನು ಗ್ರಾಹಕರಿಗೆ ಒಪ್ಪಿಸುವ ಮುಂಚೆ ಫೈರ್‌ಫಾಕ್ಸ್‌ನಲ್ಲಿ ಒಮ್ಮೆ, ಜಾಗ ತುಂಬಿದ ಹಳೆಯ ಫೋನಿನಲ್ಲಿ ಒಮ್ಮೆ ತೆರೆದು ನೋಡಿ. ಕೆಟ್ಟಿದ್ದರೆ ಸರಿಪಡಿಸಿ. ಸಮಯವಿಲ್ಲ ಎನ್ನುವ ಮೇಲಧಿಕಾರಿಗೆ ಬೇಕಿದ್ದರೆ ಕೊರಿಯಾದ ಈ ಕತೆಯನ್ನು ಕಳುಹಿಸಿ.